ಚೀಟಿ ಮೇಲೆ ಏನಂತ ಬರೀತಾರೆ?

ಹಾಸ್ಟೆಲಿನ ಜೂನಿಯರ್ ಹುಡುಗಿಯೊಬ್ಬಳು ಮೊನ್ನೆ ಬಟ್ಟೆ ಒಣಗಿ ಹಾಕುತ್ತಾ ಕೇಳಿದಳು. "ಅಕ್ಕಾ, ಜಿಲ್ಲಾಸ್ಪತ್ರೆಲಿ ಮಾನಸಿಕ ವಿಭಾಗಕ್ಕೆ ಹೋದ್ರೆ ಚೀಟಿ ಮೇಲೆ ಏನಂತ ಬರೀತಾರೆ?" ತನಗೆ ಏನಾಗಿದೆ ಅನ್ನೋದಕ್ಕಿಂತ ಆ ಚೀಟಿಯ ಭಯವೇ ಅವಳಿಗೆ ಜಾಸ್ತಿ. ನನಗೆ ನಗು ಬರಲಿಲ್ಲ. ಹೋದ ವರ್ಷ ಇದನ್ನೇ ನಾನು ಫೋನಿನಲ್ಲಿ ಹುಡುಕಿದ್ದೆ. ಸಿಕ್ಕಿದ್ದೆಲ್ಲಾ ಬೆಂಗಳೂರಿನವರ ಮಾತು. ಒಂದು ಸಲ ಕೂತು ಮಾತಾಡಿದರೆ ಸಾವಿರಾರು ರೂಪಾಯಿ, ಎಸಿ ರೂಮು, ಮೆತ್ತನೆ ಸೋಫಾ, ಮೂಲೆಯಲ್ಲೊಂದು ಗಿಡ. ಬಿಸಿಎಂ ಹಾಸ್ಟೆಲಿನಲ್ಲಿ ಇದ್ದುಕೊಂಡು, ಮನೆಯಿಂದ ಬರುವ ದುಡ್ಡನ್ನು ತಿಂಗಳಿಡೀ ಎಳೆದಾಡುವ ಹುಡುಗಿಗೆ ಅದನ್ನು ಓದಿ ಏನಾಗಬೇಕು? ಅದಕ್ಕೇ ಇದನ್ನು ಬರೆಯಲು ಕೂತೆ. ನನ್ನ ಆತಂಕಕ್ಕೆ ಎಲ್ಲಿಗೆ ಹೋದೆ, ಯಾರು ಏನು ಕೇಳಿದರು, ಏನು ಕೊಟ್ಟರು, ಮನೆಯಲ್ಲಿ ಎಂಥ ಗಲಾಟೆ ಆಯಿತು, ಅಷ್ಟೇ.

ನಮ್ಮದು ಪಾವಗಡದ ಕಡೆ ಹಳ್ಳಿ. ತುಮಕೂರು ಜಿಲ್ಲೆಯೇ ಆದರೂ ಸುತ್ತ ಆಂಧ್ರ. ಅಮ್ಮನದು ತೆಲುಗು, ಅಪ್ಪನದು ಅರ್ಧ ತೆಲುಗು ಅರ್ಧ ಕನ್ನಡ. ಮೊದಲು ಕಡಲೆಕಾಯಿ ಹಾಕುತ್ತಿದ್ದ ಹೊಲ ಬಹುಪಾಲು ಈಗ ಸೋಲಾರ್ ಪಾರ್ಕಿನ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಅದು. ಮಳೆ ಆದರೂ ಬರುತ್ತೆ, ಆಗದಿದ್ದರೂ ಬರುತ್ತೆ ಅಂತ ಅಪ್ಪನಿಗೆ ಸಮಾಧಾನ. ಆ ದುಡ್ಡಿನಲ್ಲೇ ನಾನು ತುಮಕೂರಿಗೆ ಎಂಎಸ್ಸಿ ಕೆಮಿಸ್ಟ್ರಿ ಓದಲು ಬಂದದ್ದು. ಅಪ್ಪ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳದಿದ್ದರೂ ನನಗೆ ಗೊತ್ತಿತ್ತು. ಪುಸ್ತಕ ತೆಗೆದಾಗೆಲ್ಲಾ ಹೊಲ ಕಣ್ಣ ಮುಂದೆ ಬರುತ್ತಿತ್ತು. ಓದೋದು ಬಿಟ್ಟು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ.

ಮೊದಲು ಗೊತ್ತಾದದ್ದು ಲ್ಯಾಬಿನಲ್ಲಿ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಶನ್ ಮಾಡಿದವರಿಗೆ ಅರ್ಥವಾಗುತ್ತದೆ. ಫ್ಲಾಸ್ಕಿನಲ್ಲಿ ವೈನ್ ಕೆಂಪು ಬಣ್ಣ ಇರುತ್ತದೆ. ಬ್ಯುರೆಟ್ ಅನ್ನುವ ಉದ್ದ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಹೋದರೆ ಕೊನೆಗೆ ಒಂದೇ ಹನಿಗೆ ಪೂರ್ತಿ ನೀಲಿ. ಆ ಕೊನೆ ಹನಿಗೆ ಕೈ ನಿಲ್ಲಬೇಕು. ಎಡಗೈಲಿ ಸ್ಟಾಪ್‌ಕಾಕ್, ಬಲಗೈಲಿ ಫ್ಲಾಸ್ಕ್ ತಿರುಗಿಸುತ್ತಾ ನಿಂತಿದ್ದೆ. ಹಿಂದಿನಿಂದ ಸರ್ ಬಂದು ನಿಂತರು. ಏನೂ ಮಾತಾಡಲಿಲ್ಲ, ಸುಮ್ನೆ ನಿಂತರು. ನನ್ನ ಬೆರಳು ನಡುಗಲು ಶುರು. ಹನಿ ಬೀಳಬೇಕಾದ ಕಡೆ ಧಾರೆಯೇ ಸುರಿಯಿತು. ಸರ್ "ಇನ್ನೊಂದ್ಸಲ ಮಾಡಿ" ಅಂದು ಮುಂದಿನ ಟೇಬಲಿಗೆ ಹೋದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ.

ಆಮೇಲೆ ಒಂದೊಂದೇ ಸೇರಿಕೊಂಡಿತು. ಹಾಜರಿ ಕರೆಯುವಾಗ ನನ್ನ ನಂಬರ್ ಹತ್ತಿರ ಬಂದಂತೆ ಗಂಟಲು ಕಟ್ಟುವುದು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಇನ್ನೂ ತಿಂಗಳು ದೂರ ಇರುವ ಸೆಮಿನಾರನ್ನು ತಲೆಯಲ್ಲೇ ಕೊಟ್ಟು, ತಲೆಯಲ್ಲೇ ಕೆಟ್ಟದಾಗಿ ಮುಗಿಸುವುದು. ಮೆಸ್ಸಿನಲ್ಲಿ ಮುದ್ದೆ ಮುರಿದರೆ ಎರಡನೇ ತುತ್ತು ಇಳಿಯುತ್ತಿರಲಿಲ್ಲ. ಕ್ಲಾಸಿನಲ್ಲಿ ಬಾಗಿಲ ಪಕ್ಕದ ಬೆಂಚು ಹಿಡಿಯಲು ಇಪ್ಪತ್ತು ನಿಮಿಷ ಮುಂಚೆ ಹೋಗುತ್ತಿದ್ದೆ. "ಎಷ್ಟು ಸಿನ್ಸಿಯರ್ ನೋಡು" ಅಂತ ಮೇಡಂ ಒಬ್ಬರು ಹೊಗಳಿದ್ದೂ ಉಂಟು!

ಒಂದು ರಾತ್ರಿ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಸತ್ತೇ ಹೋಗುತ್ತೇನೆ ಅಂದುಕೊಂಡೆ. ತುಟಿ ಜೋಮು, ಬೆರಳು ಜೋಮು, ಉಸಿರು ಎಳೆದಷ್ಟೂ ಸಾಲದು. ರೂಮ್‌ಮೇಟ್ ವಾರ್ಡನ್ನನ್ನು ಎಬ್ಬಿಸಿ ಆಟೋದಲ್ಲಿ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಇಸಿಜಿ ಮಾಡಿದರು. ಸರಿ ಇತ್ತು. "ಗ್ಯಾಸ್ ಕಣಮ್ಮಾ, ಖಾರ ಕಮ್ಮಿ ತಿನ್ನು" ಅಂತ ಮಾತ್ರೆ ಕೊಟ್ಟು ಕಳಿಸಿದರು. ನಮ್ಮ ಕಡೆ ಎದೆಯ ಮೇಲೆ ಕೈ ಇಟ್ಟವರಿಗೆಲ್ಲಾ ಕೊನೆಗೆ ಗ್ಯಾಸೇ. ಆ ಮಾತ್ರೆ ತಿಂದುಕೊಂಡೇ ಒಂದಷ್ಟು ವಾರ ಕಳೆದೆ. ಹೋಗಲಿ, ಹೃದಯಕ್ಕೆ ಏನೂ ಆಗಿಲ್ಲ ಅನ್ನೋದು ಒಂದು ಗೊತ್ತಾಯಿತಲ್ಲ.

ಊರಿಗೆ ಹೋದಾಗ ಅಮ್ಮ ನನ್ನ ಮುಖ ನೋಡಿ ಕೇಳಿದ್ದೇ ಬೇರೆ. "ಯಾರಾದ್ರೂ ಏನಾದ್ರೂ ಅಂದ್ರಾ?" ಇಲ್ಲ ಅಂದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ ಕರೆದುಕೊಂಡು ಹೋಗಿ ಎಳ್ಳೆಣ್ಣೆ ದೀಪ ಹಚ್ಚಿಸಿದಳು. ನಾನು ಬೇಡ ಅನ್ನಲಿಲ್ಲ. ಆ ಸಾಲಿನಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದಷ್ಟು ಹೊತ್ತು ಚೆನ್ನಾಗೇ ಇತ್ತು. ಬಸ್ಸು ಮಧುಗಿರಿ ದಾಟಿ ಕೊರಟಗೆರೆ ಹತ್ತಿರ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಮತ್ತೆ ಅದೇ ಸಂಕಟ.

ಗೆಳತಿಯರದು ಇನ್ನೊಂದು ಥರ. "ಧೈರ್ಯ ತಗೋ." "ಸುಮ್ನೆ ಜಾಸ್ತಿ ಯೋಚ್ನೆ ಮಾಡ್ಬೇಡ." ಯೋಚನೆ ಮಾಡಬಾರದು ಅಂತ ನಿರ್ಧಾರ ಮಾಡಿ ನಿಲ್ಲಿಸಲು ಆಗುವಂತಿದ್ದರೆ ನಾನು ಮೊದಲ ದಿನವೇ ನಿಲ್ಲಿಸುತ್ತಿರಲಿಲ್ವಾ? ಒಬ್ಬ ಹುಡುಗ ತಮಾಷೆಗೆ "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ರಾಜ್ಯದಲ್ಲಿ ಅಷ್ಟು ದೊಡ್ಡ ಸಂಸ್ಥೆ ಇರೋದನ್ನು ನಾವು ಬಳಸುವುದು ಹೆಚ್ಚಾಗಿ ಬೈಗುಳಕ್ಕೆ.

ಕ್ಯಾಂಪಸ್ಸಿನಲ್ಲಿ ಆಪ್ತಸಮಾಲೋಚನೆಗೆ ಅಂತ ಒಂದು ಬೋರ್ಡು ಇತ್ತು. ಹೆಸರು ಬೇಡ ಬಿಡಿ, ಬೇರೆ ಕಡೆ ಓದುವ ಗೆಳತಿಯರೂ ಇದನ್ನೇ ಹೇಳುತ್ತಾರೆ. ಬೋರ್ಡಿನ ಕೆಳಗಿನ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹಳೇ ಉತ್ತರಪತ್ರಿಕೆಗಳ ಕಟ್ಟು. ಆ ಜವಾಬ್ದಾರಿ ಹೊತ್ತಿದ್ದವರು ಪಾಠ ಮಾಡುವ ಮೇಡಮ್ಮೇ. ಒಳ್ಳೆಯವರು, ಆದರೆ ನನ್ನ ಇಂಟರ್ನಲ್ ಮಾರ್ಕ್ಸ್ ಹಾಕುವವರೂ ಅವರೇ. ಅವರ ಮುಂದೆ ಕೂತು ನನಗೆ ನಿಮ್ಮ ಕ್ಲಾಸೆಂದರೆ ಭಯ ಅಂತ ಹೇಗೆ ಹೇಳುವುದು? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಕನಿಷ್ಠ ಒಬ್ಬರಾದರೂ ಇರಬೇಕು ಅಂದಿದೆ. ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಉತ್ತರಪತ್ರಿಕೆಯ ಕಟ್ಟುಗಳೇ.

ಫೋನ್ ಮಾಡಿದ್ದು ಹಾಸ್ಟೆಲಿನ ತಾರಸಿ ಮೇಲಿಂದ, ಸಿಂಟೆಕ್ಸ್ ಟ್ಯಾಂಕಿನ ಹಿಂದೆ ನಿಂತು. 14416. ಟೆಲಿ ಮಾನಸ್ ಅಂತಾರೆ, ಮಾನಸಿಕ ಆರೋಗ್ಯದ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಿಮ್ಹಾನ್ಸೇ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಮೊದಲು ಭಾಷೆ ಆರಿಸಬೇಕು. ಕನ್ನಡ ಒತ್ತಿದೆ. ಒಬ್ಬ ಹೆಣ್ಣುಮಗಳು ಮಾತಾಡಿದರು. ನಾನು ಹೆಸರು ಹೇಳುವ ಬದಲು "ಮೇಡಂ, ಗ್ಯಾಸ್ ಇರ್ಬಹುದು" ಅಂತ ಶುರು ಮಾಡಿದೆ! ಅವರು ನಗಲಿಲ್ಲ. ಎಷ್ಟು ದಿನದಿಂದ, ನಿದ್ದೆ ಹೇಗಿದೆ, ಊಟ ಹೇಗಿದೆ, ಕ್ಲಾಸಿಗೆ ಹೋಗ್ತಿದೀರಾ ಅಂತ ಒಂದೊಂದೇ ಕೇಳಿದರು. ಆಮೇಲೆ ನೇರವಾಗಿ ಕೇಳಿದರು: "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ನನಗೆ ಹಾಗೆ ಬಂದಿರಲಿಲ್ಲ, ಇಲ್ಲ ಅಂದೆ. ಆದರೆ ಅಷ್ಟು ಸಲೀಸಾಗಿ ಕೇಳಿದ್ದು ನನಗೆ ಇಷ್ಟವಾಯಿತು. ಬಂದಿದ್ದರೆ ಅವರಿಗೆ ಹೇಳುತ್ತಿದ್ದೆ, ಮನೆಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ನಿಮಗೆ ಅಂಥ ಯೋಚನೆ ಬಂದಿದ್ದರೆ ಇದನ್ನು ಪೂರ್ತಿ ಓದುತ್ತಾ ಕೂರಬೇಡಿ, ಮೊದಲು ಆ ನಂಬರಿಗೆ ಮಾಡಿ, ಪಕ್ಕದ ರೂಮಿನವರನ್ನು ಕರೆದು ಕೂರಿಸಿಕೊಳ್ಳಿ.

ಮಾತು ಮುಗಿಸುವಾಗ ಅವರು ಹೇಳಿದರು: ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಒಮ್ಮೆ ಎದುರಿಗೆ ತೋರಿಸಿ. ಸರಿ ಅಂದೆ. ಹೋಗಲಿಲ್ಲ. ಬಸ್ಸಿಗೆ ದುಡ್ಡಿಲ್ಲ ಅನ್ನೋ ನೆಪವೂ ನನಗೆ ಇರಲಿಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಫ್ರೀ. ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಆದರೂ ಇವತ್ತು ರೆಕಾರ್ಡ್ ಬರೀಬೇಕು, ನಾಳೆ ಟೆಸ್ಟ್ ಇದೆ ಅಂತ ದಿನ ತಳ್ಳಿದೆ.

ಕೊನೆಗೆ ಕರೆದುಕೊಂಡು ಹೋದವರು ನಮ್ಮ ಲ್ಯಾಬಿನ ಅಟೆಂಡರ್. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಐವತ್ತು ದಾಟಿದ ಮನುಷ್ಯ, ಎರಡು ಮಾತಿಗಿಂತ ಹೆಚ್ಚು ಆಡುವವರಲ್ಲ. ಒಂದು ಸಂಜೆ ಪಿಪೆಟ್ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು. "ಕೈ ನಡುಗೋದು ಇನ್ನೂ ನಿಂತಿಲ್ವಲ್ಲಮ್ಮಾ. ನಮ್ ಹುಡುಗಂಗೂ ಪಿಯುಸಿಲಿ ಹಿಂಗೇ ಆಗಿತ್ತು. ದೊಡ್ಡಾಸ್ಪತ್ರೆಗೇ ತೋರಿಸ್ದೆ. ರೂಮ್ ಎಲ್ಲಿದೆ ಗೊತ್ತು ನಂಗೆ. ನಾಳೆ ಬೆಳಿಗ್ಗೆ ಬರ್ತೀಯಾ?" ಧೈರ್ಯ ತಗೋ ಅಂದವರು ಹತ್ತು ಜನ ಇದ್ದರು. ರೂಮ್ ಎಲ್ಲಿದೆ ಗೊತ್ತು ಅಂದವರು ಇವರೊಬ್ಬರೇ.

ಈಗ ಚೀಟಿಯ ವಿಷಯ. ಬೆಳಿಗ್ಗೆ ಹೊರರೋಗಿ ಚೀಟಿಯ ಸಾಲು. ಮುಂದೆ ಮಗು ಎತ್ತಿಕೊಂಡ ಹೆಂಗಸು, ಹಿಂದೆ ಕಾಲಿಗೆ ಪಟ್ಟಿ ಸುತ್ತಿಕೊಂಡ ಅಜ್ಜ. ಗಾಜಿನ ತೂತಿನಲ್ಲಿ ಬಾಯಿ ಇಟ್ಟು ಹೆಸರು, ವಯಸ್ಸು, ಊರು, ಫೋನ್ ನಂಬರ್ ಹೇಳಬೇಕು. ಕೊನೆಗೆ ಅವರು ಕೇಳುತ್ತಾರೆ, "ಯಾವ ಡಿಪಾರ್ಟ್‌ಮೆಂಟ್?" ನಾನು ಹೆದರಿದ್ದು ಆ ಒಂದು ಕ್ಷಣಕ್ಕೆ. ಮೆಲ್ಲಗೆ ಅಂದೆ. "ಜೋರಾಗಿ ಹೇಳಮ್ಮಾ" ಅಂದರು. "ಸೈಕಿಯಾಟ್ರಿ" ಅಂದೆ. ಅಜ್ಜ ತಲೆ ಎತ್ತಲಿಲ್ಲ. ಮಗು ಅಳುತ್ತಲೇ ಇತ್ತು. ಒಳಗೆ ಕೂತಿದ್ದವರು ಟೈಪ್ ಮಾಡಿ, ಚೀಟಿ ತಳ್ಳಿ, "ನೆಕ್ಸ್ಟ್" ಅಂದರು. ಅವರಿಗೆ ನಾನು ಬೆಳಗಿನಿಂದ ಬಂದ ನೂರಾರು ಜನರಲ್ಲಿ ಒಬ್ಬಳು. ಚೀಟಿ ಮೇಲೆ ಇದ್ದದ್ದು ಹೆಸರು, ವಯಸ್ಸು, ತಾರೀಖು, ವಿಭಾಗದ ಹೆಸರು. ಹಣೆಬರಹ ಬರೆದಿರಲಿಲ್ಲ.

ವಿಭಾಗದ ಹೊರಗಿನ ಬೆಂಚಿನಲ್ಲಿ ಕೂತಿದ್ದವರನ್ನು ನೋಡಿ ನನಗೆ ಆಶ್ಚರ್ಯ. ನಾನು ಸಿನಿಮಾದಲ್ಲಿ ತೋರಿಸುವಂಥವರು ಇರುತ್ತಾರೆ ಅಂದುಕೊಂಡಿದ್ದೆ. ಇದ್ದವರು ಕುಡಿತ ಬಿಡಿಸಲು ಗಂಡನನ್ನು ಕರೆತಂದ ಹೆಂಗಸು, ಯೂನಿಫಾರ್ಮ್ ಹಾಕಿಕೊಂಡ ಹೈಸ್ಕೂಲ್ ಹುಡುಗ, ಬಾಣಂತಿ, ತಲೆನೋವು ಅಂತ ಬಂದ ಗಾರ್ಮೆಂಟ್ಸ್ ಕೆಲಸದವರು. ಅಟೆಂಡರ್ ಅಣ್ಣ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು.

ಡಾಕ್ಟರ್ ಜಾಸ್ತಿ ಹೊತ್ತು ತೆಗೆದುಕೊಳ್ಳಲಿಲ್ಲ, ಆದರೆ ಕೇಳಬೇಕಾದ್ದನ್ನು ಕೇಳಿದರು. ದಿನಕ್ಕೆ ಎಷ್ಟು ಕಾಫಿ? ಮುಟ್ಟು ಸರಿಯಾಗಿ ಆಗುತ್ತಾ? ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ? ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಜಾಸ್ತಿ ಆದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ರಕ್ತ ಕಮ್ಮಿ ಇದ್ದರೂ ಸುಸ್ತು, ಏದುಸಿರು ಬರುತ್ತದೆ. ಅದು ಇಲ್ಲ ಅಂತ ಖಾತ್ರಿ ಆಗಬೇಕಲ್ಲ. ಆಮೇಲೆ ಒಂದು ಹಾಳೆ ಕೊಟ್ಟರು. ಜಿಎಡಿ-7 ಅಂತ ಅದರ ಹೆಸರು, ಆತಂಕ ಎಷ್ಟಿದೆ ಅಂತ ಅಳೆಯುವುದು. ಏಳೇ ಪ್ರಶ್ನೆ, ಕಳೆದ ಎರಡು ವಾರದ್ದು. ಚಿಂತೆ ನಿಲ್ಲಿಸಲು ಆಗುತ್ತಿಲ್ಲವಾ, ಸುಮ್ಮನೆ ಕೂರಲು ಆಗದಷ್ಟು ಚಡಪಡಿಕೆಯಾ, ಏನೋ ಕೆಟ್ಟದ್ದು ಆಗಿಬಿಡುತ್ತೆ ಅನ್ನಿಸುತ್ತಾ, ಇಂಥವು. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತ. ನನ್ನದು 10 ದಾಟಿತ್ತು. ಜೀವನದಲ್ಲಿ ಮೊದಲ ಸಲ ಅಂಕ ಕಮ್ಮಿ ಬರಲಿ ಅಂತ ಬೇಡಿಕೊಂಡು ಬರೆದ ಪರೀಕ್ಷೆ ಅದು.

ನಿಜವಾದ ಕೆಲಸ ನಡೆದದ್ದು ಪಕ್ಕದ ಪುಟ್ಟ ರೂಮಿನಲ್ಲಿ, ಸಮಾಲೋಚಕಿ ಮೇಡಂ ಹತ್ತಿರ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ತಿರುಗುವಾಗ ಕಿರ್ ಅನ್ನುವ ಫ್ಯಾನು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಅವರು ಕುರ್ಚಿ ಒತ್ತರಿಸಿ ಇಟ್ಟರು. ನಾನು ಆ ರಾತ್ರಿಯ ಕಥೆ ಹೇಳಿದೆ. ಅವರು ನಾನು ಏನು ಓದುತ್ತಿದ್ದೇನೆ ಅಂತ ಕೇಳಿದರು. ಕೆಮಿಸ್ಟ್ರಿ ಅಂದೆ. "ಹಾಗಾದ್ರೆ ನಿಮಗೆ ಸುಲಭ" ಅಂತ ಹೇಳಲು ಶುರು ಮಾಡಿದರು.

ಹೆದರಿಕೆ ಆದಾಗ ಅಡ್ರಿನಲಿನ್ ಏರುತ್ತದೆ, ಉಸಿರು ಜೋರಾಗುತ್ತದೆ. ಓಡಿಹೋಗಬೇಕಾದರೆ ಅದು ಬೇಕು. ಆದರೆ ನಾನು ಓಡುತ್ತಿಲ್ಲ, ಮಂಚದ ಮೇಲೆ ಕೂತಿದ್ದೇನೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಖಾಲಿಯಾಗುತ್ತಾ ಹೋಗುತ್ತದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ತಲೆ ತಾನೇ ಓಡಿತು. ಕಾರ್ಬನ್ ಡೈಆಕ್ಸೈಡ್ ಇಳಿದರೆ ರಕ್ತದ ಪಿಎಚ್ ಏರಬೇಕು, ಅಂದರೆ ರಕ್ತ ಕ್ಷಾರದ ಕಡೆ ವಾಲಬೇಕು. ಬೈಕಾರ್ಬೊನೇಟ್ ಬಫರ್! ಪಿಎಚ್ ಏರಿದರೆ ಬಿಡಿಯಾಗಿ ಇರುವ ಕ್ಯಾಲ್ಸಿಯಂ ಅಯಾನುಗಳು ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಅದಕ್ಕೇ ತುಟಿ, ಬೆರಳು ಜೋಮು. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲಾ ಆ ರಾತ್ರಿ ನನ್ನ ಬೆರಳ ತುದಿಯಲ್ಲೇ ನಡೆದಿತ್ತು. ಉಸಿರು ಸಾಲದು ಅನ್ನಿಸಿದ್ದು ಉಸಿರು ಜಾಸ್ತಿ ಆಗಿದ್ದಕ್ಕೆ! ಇದು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ, ನೀವು ಏನೂ ಮಾಡದಿದ್ದರೂ ಇಳಿಯುತ್ತದೆ ಅಂದರು ಮೇಡಂ. ಎಳೆದುಕೊಳ್ಳುವುದಕ್ಕಿಂತ ಬಿಡುವ ಉಸಿರು ಉದ್ದವಾಗಲಿ, ಅಷ್ಟೇ ಅಭ್ಯಾಸ.

ಆಮೇಲೆ ಕೊಟ್ಟ ಹೋಂವರ್ಕ್ ನನಗೆ ಹಿಡಿಸಲಿಲ್ಲ. ಬಾಗಿಲ ಪಕ್ಕದ ಬೆಂಚು ಬಿಡಿ ಅಂದರು. ಯಾವಾಗಲೂ ಕೈಯಲ್ಲಿ ಹಿಡಿದಿರುತ್ತಿದ್ದ ನೀರಿನ ಬಾಟಲಿ ಬ್ಯಾಗಿನೊಳಗೆ ಇಡಿ ಅಂದರು. ಸೆಮಿನಾರನ್ನು ಅಕ್ಷರ ಅಕ್ಷರ ಬಾಯಿಪಾಠ ಮಾಡುವುದು ನಿಲ್ಲಿಸಿ ಅಂದರು. ನನ್ನನ್ನು ಕಾಪಾಡುತ್ತಿವೆ ಅಂತ ನಾನು ನಂಬಿದ್ದವು ಇವೇ ಮೂರು. ಮೇಡಂ ಪ್ರಕಾರ ಭಯಕ್ಕೆ ಅನ್ನ ಹಾಕುತ್ತಿದ್ದದ್ದೂ ಅವೇ. ಬಾಗಿಲ ಪಕ್ಕ ಕೂತು ಏನೂ ಆಗದಿದ್ದರೆ, ಬಾಗಿಲಿತ್ತು ಅದಕ್ಕೇ ಏನೂ ಆಗಲಿಲ್ಲ ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಬಾಗಿಲು ಇಲ್ಲದೆಯೂ ಏನೂ ಆಗುವುದಿಲ್ಲ ಅನ್ನೋದು ಅದಕ್ಕೆ ಗೊತ್ತಾಗುವುದೇ ಇಲ್ಲ. ನಾನು ಮೇಡಂ ಜೊತೆ ವಾದ ಮಾಡಿದೆ. ಎದ್ದು ಹೊರಗೆ ಹೋಗಬೇಕಾಗಿ ಬಂದರೆ? "ಹೋಗಿ. ನಡುಬೆಂಚಿನಿಂದಲೂ ಎದ್ದು ಹೋಗಬಹುದು ಅಲ್ವಾ?" ಅಂದರು.

ಒಂದು ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಿಗೆ ತೀರಾ ಸಣ್ಣ ಭಯ, ಮೇಲಿನದಕ್ಕೆ ಸೆಮಿನಾರ್. ನನ್ನ ಕೆಳಗಿನ ಮೆಟ್ಟಿಲು ಮೆಸ್ಸಿನಲ್ಲಿ "ಅಣ್ಣಾ, ಇನ್ನೊಂದು ಸೌಟು ಸಾರು" ಅಂತ ಕೇಳುವುದು. ನಗಬೇಡಿ, ಅದೂ ಇತ್ತು. ಆಮೇಲೆ ರೂಮ್‌ಮೇಟ್ ಮುಂದೆ ಒಂದು ಪುಟ ಜೋರಾಗಿ ಓದುವುದು, ಕ್ಲಾಸಿನಲ್ಲಿ ಒಂದು ಡೌಟು ಕೇಳುವುದು, ಮೂರ್ನಾಲ್ಕು ಜನರ ಮುಂದೆ ಬೋರ್ಡಿನ ಮೇಲೆ ಬರೆದು ವಿವರಿಸುವುದು. ಒಂದು ಮೆಟ್ಟಿಲು ಬೇಜಾರು ಬರುವವರೆಗೂ ಮಾಡಬೇಕು, ಆಮೇಲೆ ಮುಂದಿನದು. ಇನ್ನೊಂದು, ಚಿಂತೆಗೆ ಟೈಮ್ ಕೊಡಿ ಅಂದರು. ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷ ಕೂತು ಬೇಕಾದಷ್ಟು ಚಿಂತೆ ಮಾಡಿ, ಬರೆಯಿರಿ. ಬೇರೆ ಹೊತ್ತಿನಲ್ಲಿ ಬಂದರೆ ಸಂಜೆ ಬಾ ಅಂತ ಕಳಿಸಿ. ಹುಚ್ಚಾಟ ಅನ್ನಿಸಿತ್ತು ನನಗೆ. ಆದರೆ ಬೆಳಗಿನ ಜಾವ ಮೂರರ ಸೆಮಿನಾರುಗಳು ನಿಧಾನಕ್ಕೆ ಕಮ್ಮಿಯಾದದ್ದು ಇದರಿಂದಲೇ. ಸಂಜೆ ಬರೆಯಲು ಕೂತರೆ ಅರ್ಧ ಪುಟಕ್ಕೆ ಸರಕು ಮುಗಿದುಹೋಗುತ್ತಿತ್ತು.

ಮಾತ್ರೆಯನ್ನೂ ಕೊಟ್ಟರು. ಹೆಸರು ಬರೆಯುವುದಿಲ್ಲ, ಯಾರಾದರೂ ಸೀದಾ ಮೆಡಿಕಲ್ ಸ್ಟೋರಿಗೆ ಹೋಗಿಬಿಟ್ಟೀರಿ. ಆತಂಕ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಅನ್ನುವ ಗುಂಪಿನದು. ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು. ಉಪಯೋಗ ಕಾಣಲು ಕೆಲವು ವಾರ ಬೇಕು, ನಡುವೆ ನೀವೇ ನಿಲ್ಲಿಸಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹೇಳದಿದ್ದರೆ ನಾಲ್ಕನೇ ದಿನವೇ ಕಿಟಕಿಯಿಂದ ಎಸೆಯುತ್ತಿದ್ದೆ.

ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಬ್ಯಾಗಿನಲ್ಲಿ ಮಾತ್ರೆ ಸಿಕ್ಕಿತು. ಅವತ್ತಿನ ಗಲಾಟೆ ಕೇಳಬೇಡಿ. ನಿದ್ದೆ ಮಾತ್ರೆನಾ? ಅಭ್ಯಾಸ ಆಗಿಬಿಟ್ರೆ? ನಾಳೆ ಗಂಡಿನ ಕಡೆಯವರಿಗೆ ಗೊತ್ತಾದ್ರೆ? ನಿದ್ದೆಗೆ ಕೊಡುವ ಕೆಲವು ಮಾತ್ರೆ ಅಭ್ಯಾಸ ಆಗುವುದು ನಿಜ, ಇದು ಆ ಥರದ್ದಲ್ಲ, ಬಿಡುವಾಗ ಮಾತ್ರ ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು ಅಂದೆ. ಗಂಡಿನ ಕಡೆಯವರ ಪ್ರಶ್ನೆಗೆ ನನ್ನ ಹತ್ತಿರ ಕಾಯ್ದೆ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ರೋಗಿಯ ಹಕ್ಕು ಅಂತ ಅದರಲ್ಲೇ ಇದೆ. ಕಾಲೇಜಿಗೋ ನೆಂಟರಿಗೋ ಆಸ್ಪತ್ರೆಯವರು ಸುಮ್ನೆ ಹೇಳುವ ಹಾಗಿಲ್ಲ. ಅಮ್ಮ ಕಾಯ್ದೆಗೆಲ್ಲಾ ಬಗ್ಗುವವಳಲ್ಲ. "ಕಾಯ್ದೆ ಬಂದು ನಿನ್ನ ಮದುವೆ ಮಾಡ್ಸುತ್ತಾ?" ಅಂದಳು. ಆ ಪ್ರಶ್ನೆಗೆ ಈಗಲೂ ನನ್ನ ಹತ್ತಿರ ಉತ್ತರ ಇಲ್ಲ.

ಅಪ್ಪನಿಗೆ ಅರ್ಥ ಮಾಡಿಸಿದ್ದು ಬೋರ್‌ವೆಲ್ ಪ್ಯಾನಲ್ ಬೋರ್ಡ್ ತೋರಿಸಿ. ಉಳಿದಿರುವ ಹೊಲಕ್ಕೆ ನಮ್ಮದೊಂದು ಬೋರ್ ಇದೆ. ಕರೆಂಟು ಹೆಚ್ಚುಕಮ್ಮಿ ಆದರೆ ಮೋಟಾರು ಸುಟ್ಟು ಹೋಗದ ಹಾಗೆ ರಿಲೇ ಟ್ರಿಪ್ ಆಗುತ್ತದೆ. ಅದು ಇರಲೇಬೇಕು. ಆದರೆ ಸೆಟ್ಟಿಂಗ್ ತೀರಾ ಕೆಳಗಿದ್ದರೆ ಮೋಟಾರು ಚೆನ್ನಾಗಿದ್ದರೂ ಮತ್ತೆ ಮತ್ತೆ ಟ್ರಿಪ್. "ನಂದೂ ಹಂಗೇ ಅಪ್ಪಾ, ಮೋಟಾರ್ ಕೆಟ್ಟಿಲ್ಲ, ಸೆಟ್ಟಿಂಗ್ ಸರಿ ಮಾಡಿಸ್ತಾ ಇದೀನಿ" ಅಂದೆ. ಅಪ್ಪ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. "ಮೆಕ್ಯಾನಿಕ್ ಒಳ್ಳೇವ್ನಾ?" ಅಂದರು. ಒಳ್ಳೆಯವರು, ದುಡ್ಡೂ ಇಲ್ಲ ಅಂದೆ. "ಹಂಗಾದ್ರೆ ಬಿಡ್ಬೇಡ." ಅಮ್ಮನನ್ನು ಸಮಾಧಾನ ಮಾಡಿದ್ದೂ ಅವರೇ. ಏನು ಹೇಳಿದರೋ ಗೊತ್ತಿಲ್ಲ, ಈಗ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿ, ಮೆಲ್ಲಗೆ "ಅದು ತಗೊಂಡ್ಯಾ?" ಅಂತಾಳೆ.

ಸೆಮಿನಾರ್ ಕೊಟ್ಟೆ. ನಮ್ಮೂರ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರಿ ಅನ್ನುತ್ತದೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಪಾವಗಡದ ಕಡೆ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೊದಲ ಮೂರು ಸ್ಲೈಡಿನಲ್ಲಿ ಧ್ವನಿ ನಡುಗಿತು, ಎಲ್ಲರಿಗೂ ಕೇಳಿಸಿತು. ನಾಲ್ಕನೆಯದಕ್ಕೂ ನಡುಗಿತು. ಸರ್ ನಡುವೆ ತಡೆದು ಕೇಳಿದರು, "ಟಿಸಾಬ್ ಯಾಕೆ ಹಾಕ್ತೀರಿ?" ಫ್ಲೋರೈಡ್ ಅಳೆಯುವ ಮೊದಲು ನೀರಿಗೆ ಬೆರೆಸುವ ದ್ರಾವಣ ಅದು. ಬಾಯಿಪಾಠ ಮಾಡಿದ್ದರೆ ಅಲ್ಲೇ ದಾರಿ ತಪ್ಪುತ್ತಿತ್ತು. ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟುಕೊಂಡಿರುತ್ತವೆ ಸರ್, ಅದನ್ನು ಬಿಡಿಸಬೇಕು, ಪಿಎಚ್ 5ರಿಂದ 5.5ರ ಆಸುಪಾಸಿನಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಎಲೆಕ್ಟ್ರೋಡ್ ತಪ್ಪು ಓದುತ್ತೆ ಅಂದೆ. ಸರ್ ತಲೆಯಾಡಿಸಿದರು. ಮಾರ್ಕ್ಸ್ ಸಾಧಾರಣ ಬಂತು, ಕ್ಲಾಸಿನಲ್ಲಿ ನನಗಿಂತ ಚೆನ್ನಾಗಿ ಮಾಡಿದವರು ಬೇಕಾದಷ್ಟು ಜನ. ಅವತ್ತು ರಾತ್ರಿ ಮುದ್ದೆ ಪೂರ್ತಿ ತಿಂದೆ.

ಈಗಲೂ ಪೂರ್ತಿ ಹೋಗಿಲ್ಲ. ಇಂಟರ್ನಲ್ ಹತ್ತಿರ ಬಂದಾಗ ಮೂರಕ್ಕೆ ಎಚ್ಚರ ಆಗುತ್ತದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆ-ಸೆಟ್‌ಗೆ ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಮಾತ್ರೆ ಇಳಿಸುವ ಬಗ್ಗೆ ನೋಡೋಣ ಅಂದಿದ್ದಾರೆ ಡಾಕ್ಟರ್.

ಹೋಗುವವರಿಗೆ ಒಂದಷ್ಟು ಮಾತು. ಆಧಾರ್ ಇಟ್ಟುಕೊಳ್ಳಿ, ಹಳೇ ಇಸಿಜಿ, ರಕ್ತಪರೀಕ್ಷೆಯ ವರದಿ ಇದ್ದರೆ ಅದನ್ನೂ. ಏನೇನು ಆಗುತ್ತೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ಅರ್ಧ ಮರೆತುಹೋಗುತ್ತದೆ. ಊರಿನ ಹತ್ತಿರವೇ ಆಗಬೇಕು ಅನ್ನುವವರಿಗೆ, ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಅದರಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಹೊರಡುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಮನೆಯವರಿಗೆ ತೆಲುಗೋ ಉರ್ದುವೋ ಸಲೀಸು ಅಂದರೆ 14416ರಲ್ಲಿ ಆ ಭಾಷೆಗಳೂ ಇವೆ. ಮೊದಲ ಸಲ ಕೂತ ಸಮಾಲೋಚಕರು ಹಿಡಿಸದಿದ್ದರೆ ಇನ್ನೊಬ್ಬರನ್ನು ಕೇಳಬಹುದು, ಅದರಲ್ಲಿ ತಪ್ಪಿಲ್ಲ. ಒಬ್ಬರೇ ಹೋಗಲು ಕಷ್ಟ ಆದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ತುಂಬಾ ಮಾತಾಡುವವರು ಬೇಡ. ಬೆಳಿಗ್ಗೆ ಬೇಗ ಹೋಗಿ, ತಿಂಡಿ ತಿಂದೇ ಹೋಗಿ. ಸಾಲು ಮುಗಿಸಿ ಬರುವಷ್ಟರಲ್ಲಿ ತಟ್ಟೆ ಇಡ್ಲಿ ಖಾಲಿಯಾಗಿರುತ್ತದೆ, ಅಟೆಂಡರ್ ಅಣ್ಣನಿಗೆ ನನ್ನ ಮೇಲೆ ಇರುವ ಒಂದೇ ಒಂದು ಸಿಟ್ಟು ಅದು.